ಹಳೆಯ ಪಿಸ್ತೂಲಿಗೆ ಹೊಸ ನಳಿಕೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ತಯಾರಾದ ಪಿಸ್ತೂಲುಗಳ ನಳಿಕೆಗಳನ್ನು ಸವೆತಕ್ಕಿಂತ ಹೆಚ್ಚಾಗಿ ತುಕ್ಕೇ ಹಾಳುಗೆಡವಿದೆ. ಆ ಕಾಲದ ತೋಟಾಗಳ ಬುಡದಲ್ಲಿರುತ್ತಿದ್ದ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿದ್ದು, ಅದು ಉರಿದ ಮೇಲೆ ಉಳಿಯುವ ಲವಣವು ಎಣ್ಣೆಯಲ್ಲಿ ಕರಗದ ಕಾರಣ, ನೀರಿನಿಂದ ತೊಳೆಯದೆ ಬರಿಯ ಎಣ್ಣೆ ಸವರಿ ಇಟ್ಟ ನಳಿಕೆಯೊಳಗೆ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ಗುಳಿಗುಳಿಯಾಗಿ ತಿನ್ನುತ್ತಿತ್ತು. ಹೊರಮೈಯ ಕಪ್ಪುನೀಲಿ ಹೊಳಪು ಮಾಸದೆ ಉಳಿದಿದ್ದರೂ, ಗುಂಡನ್ನು ತಿರುಗುವಂತೆ ಮಾಡಲು ಒಳಗೆ ಕೊರೆದಿರುವ ಸುರುಳಿ ತೋಡುಗಳು ಅಳಿಸಿಹೋಗಿರುವ ಇಂತಹ ಪಿಸ್ತೂಲುಗಳಿಗೆ ಹೊಸ ನಳಿಕೆ ತೊಡಿಸುವುದು ಬಂದೂಕು ದುರಸ್ತಿಗಾರರ ಕಸುಬಿನಲ್ಲೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ.

ಈ ಕೆಲಸಕ್ಕೆ ಯಾವ ಸಲಕರಣೆ ಬೇಕೆಂಬುದನ್ನು ಪಿಸ್ತೂಲಿನ ರಚನೆಯೇ ನಿರ್ಧರಿಸುತ್ತದೆ. ಅಮೆರಿಕದ ಕೋಲ್ಟ್ 1911 ಪಿಸ್ತೂಲಿನಲ್ಲಿ ನಳಿಕೆಯು ಬಿಡಿಭಾಗವಾಗಿರುವುದರಿಂದ ಅದನ್ನು ಕೈಯಿಂದಲೇ ಹೊರತೆಗೆಯಬಹುದು. ಹೊಸದನ್ನು ಕೂಡಿಸುವಾಗ ಅರದ ಕೆಲಸ ಬೀಳಬಹುದೇ ಹೊರತು ದೊಡ್ಡ ಉಪಕರಣ ಬೇಕಿಲ್ಲ. ಜರ್ಮನಿಯ ಮೌಸರ್ ಸಿ96ರಲ್ಲಿ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದ್ದು, ನಳಿಕೆಯೂ ಅದರ ಹಿಂದಿನ ಚೌಕಟ್ಟೂ ಒಂದೇ ಉಕ್ಕಿನ ತುಂಡಿನಿಂದ ರೂಪುಗೊಂಡಿರುವ ಕಾರಣ ಬಿಚ್ಚುವ ಮಾತೇ ಬರುವುದಿಲ್ಲ. ಹಾಗಾಗಿ ಹಳೆಯ ನಳಿಕೆಯನ್ನು ಒಳಗಿನಿಂದ ಅಗಲವಾಗಿ ಕೊರೆದು, ಅದರೊಳಗೆ ತೆಳುವಾದ ಹೊಸ ಕೊಳವೆಯೊಂದನ್ನು ಕೂರಿಸುವ ದಾರಿಯನ್ನು ಹಿಡಿಯಬೇಕಾಗುತ್ತದೆ.

ಇವೆರಡರ ನಡುವೆ ನಿಲ್ಲುವುದು ಲೂಗರ್. ಹ್ಯೂಗೋ ಬೋರ್ಖಾರ್ಟ್‌ನ 1893ರ ವಿನ್ಯಾಸವನ್ನು ಗೇಯೋರ್ಗ್ ಲೂಗರ್ ತಿದ್ದಿ ರೂಪಿಸಿದ, 1900ರಲ್ಲಿ ಸ್ವಿಟ್ಜರ್ಲೆಂಡ್ ಸೇನೆಯೂ 1908ರಲ್ಲಿ ಜರ್ಮನ್ ಸೇನೆಯೂ ಒಪ್ಪಿಕೊಂಡ ಈ ಪಿಸ್ತೂಲಿನಲ್ಲಿ ನಳಿಕೆಯನ್ನು ರಿಸೀವರಿನ, ಎಂದರೆ ನಳಿಕೆಯನ್ನೂ ಗುಂಡು ತುಂಬುವ ಯಂತ್ರಭಾಗವನ್ನೂ ಹಿಡಿದಿಡುವ ಚೌಕಟ್ಟಿನ, ಮುಂಭಾಗಕ್ಕೆ ತಿರುಪಿನಿಂದ ಬಿಗಿದಿರುತ್ತಾರೆ. ಮುಂದೆ ದಪ್ಪ ಬಳೆಯಂತಿರುವ ಈ ಚೌಕಟ್ಟು ಹಿಂದಕ್ಕೆ ಹೋದಂತೆ ಎರಡು ತೆಳು ತೋಳುಗಳಾಗಿ ಕವಲೊಡೆಯುತ್ತದೆ. ದಶಕಗಳಿಂದ ಕಚ್ಚಿಕೊಂಡಿರುವ ತಿರುಪನ್ನು ಸಡಿಲಿಸಲು ಆ ತೋಳುಗಳನ್ನೇ ಸಾಮಾನ್ಯ ಬೆಂಚ್ ವೈಸಿನಲ್ಲಿ ಸಿಕ್ಕಿಸಿ ತಿರುಚಿದರೆ ಅವು ಸೊಟ್ಟಗಾಗುತ್ತವೆ, ಮತ್ತು ಹಾಗೆ ಸೊಟ್ಟಗಾದ ರಿಸೀವರನ್ನು ಮೊದಲಿನ ನೇರಕ್ಕೆ ತರುವುದು ಬಹಳ ಕಷ್ಟ. ಆದ್ದರಿಂದಲೇ ಲೂಗರ್‌ಗಾಗಿ ತಯಾರಿಸುವ ಫಿಕ್ಸ್ಚರು, ಅಂದರೆ ಕೆಲಸದ ವಸ್ತುವನ್ನು ಒಂದೇ ನೆಲೆಯಲ್ಲಿ ಅಲುಗದಂತೆ ಹಿಡಿಯುವ ಅಚ್ಚು, ಮುಂದಿನ ಬಳೆಯನ್ನು ಮಾತ್ರ ಅದರ ಆಕಾರಕ್ಕೆ ತಕ್ಕಂತೆ ತಬ್ಬಿ ಹಿಡಿಯುತ್ತದೆ. ನಳಿಕೆಯನ್ನು ಹಿಡಿಯಲು ಎರಡು ಹೋಳಾಗಿ ಸೀಳಿದ, ನಡುವೆ ನಳಿಕೆಯ ಗಾತ್ರದ ತೂತಿರುವ ಅಲ್ಯೂಮಿನಿಯಂ ಅಥವಾ ಗಟ್ಟಿಮರದ ತುಂಡುಗಳಿದ್ದು, ಜಾರದಿರಲೆಂದು ಅವುಗಳಿಗೆ ರಾಳದ ಪುಡಿ ಸವರುವುದುಂಟು. ನೋಡುವವರಿಗೆ ಬಲಪ್ರಯೋಗದ ಉಪಕರಣಗಳಂತೆ ಕಾಣುವ ಇವುಗಳ ನಿಜವಾದ ಕೆಲಸ ಬಲವು ಎಲ್ಲಿಗೆ ತಲುಪಬಾರದೋ ಅಲ್ಲಿಗೆ ತಲುಪದಂತೆ ತಡೆಯುವುದೇ ಆಗಿದೆ.

ಹೊಸ ನಳಿಕೆಯನ್ನು ಬಿಗಿಯುವಾಗ ಬರಿಯ ಬಿಗಿತ ಸಾಲದು, ದಿಕ್ಕೂ ಸರಿಯಿರಬೇಕು. ಗುರಿ ನೋಡುವ ಮುಂದಿನ ಮೊನೆ ನಳಿಕೆಯ ಮೇಲೆಯೇ ಇರುವುದರಿಂದ ತಿರುಪು ಪೂರ್ತಿ ಬಿಗಿಯಾದ ಹೊತ್ತಿಗೆ ಅದು ನೆಟ್ಟಗೆ ನಿಲ್ಲಬೇಕಾಗುತ್ತದೆ. ಕಾರ್ಖಾನೆಯವರು ನಳಿಕೆ ಮತ್ತು ರಿಸೀವರ್ ಕೂಡುವ ಜಾಗದಲ್ಲಿ ಎರಡಕ್ಕೂ ಸೇರುವಂತೆ ಒಂದು ಗೀರನ್ನು ಉಳಿಯಿಂದ ಎಳೆಯುತ್ತಿದ್ದುದು ಈ ಹೊಂದಿಕೆಯ ಗುರುತಿಗಾಗಿ. ಇದರ ಜೊತೆಗೆ ತೋಟಾದ ಬುಡಕ್ಕೂ ಅದರ ಹಿಂದಿನ ಮುಚ್ಚಳಕ್ಕೂ ಇರಬೇಕಾದ ಅಂತರವನ್ನು ಅಳೆಗೋಲುಗಳಿಂದ ಪರೀಕ್ಷಿಸುತ್ತಾರೆ. ಅದು ಮಿತಿ ಮೀರಿದರೆ ತೋಟಾ ಸಿಡಿದು ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು.

ನಳಿಕೆ ಬದಲಿಕೆಯನ್ನು ಇಂದಿನ ಸಂಗ್ರಾಹಕರ ಖಯಾಲಿ ಎಂದಷ್ಟೇ ತಿಳಿಯುವುದು ಸರಿಯಾಗದು. 9 ಮಿಲಿಮೀಟರ್ ತೋಟಾವು 7.65 ಮಿಲಿಮೀಟರ್ ತೋಟಾದ ಕಿರಿದಾದ ಕತ್ತನ್ನು ಅಗಲಿಸಿ ಹುಟ್ಟಿದ್ದಾಗಿದ್ದು ಎರಡರ ಬುಡದ ಅಳತೆಯೂ ಒಂದೇ ಆದುದರಿಂದ, ಲೂಗರ್‌ನಲ್ಲಿ ನಳಿಕೆಯೊಂದನ್ನು ಬದಲಿಸಿದರೆ ಆಯುಧದ ಜಾತಿಯೇ ಬದಲಾಗುತ್ತಿತ್ತು. ಫಿನ್ಲೆಂಡಿನ ಸೇನೆ 7.65ರ ಲೂಗರ್‌ಗಳನ್ನು ಕೊಂಡು, ಮುಂದೆ ಅವುಗಳಲ್ಲಿ ಹಲವಕ್ಕೆ ಟಿಕ್ಕಕೋಸ್ಕಿ ಕಾರ್ಖಾನೆಯ 9 ಮಿಲಿಮೀಟರ್ ನಳಿಕೆಗಳನ್ನು ತೊಡಿಸಿತು. ಇಂತಹ ಬದಲಾವಣೆ ಆ ಪಿಸ್ತೂಲಿನ ಇತಿಹಾಸದ ಭಾಗವೇ ಆಗಿದ್ದು, ಅದನ್ನು ತೆಗೆದುಹಾಕಿ ‘ಮೂಲ’ದ ನಳಿಕೆ ಹುಡುಕಿ ಹಾಕುವವರು ಒಂದು ದಾಖಲೆಯನ್ನೇ ಅಳಿಸುತ್ತಾರೆ ಎನ್ನಬೇಕು. ಸೇನೆಯ ಲೂಗರ್‌ಗಳ ನಳಿಕೆಯಡಿ ಪಿಸ್ತೂಲಿನ ಕ್ರಮಸಂಖ್ಯೆಯೂ 8,82ರಂತಹ ಒಳವ್ಯಾಸದ ಅಳತೆಯೂ ಮುದ್ರಿತವಾಗಿರುವುದರಿಂದ ಬದಲಿಕೆಯನ್ನು ಪತ್ತೆಹಚ್ಚುವುದು ಬಲ್ಲವರಿಗೆ ಕಷ್ಟವಲ್ಲ. ಹೊಸ ನಳಿಕೆಗೆ ಹಳೆಯ ಸಂಖ್ಯೆಯನ್ನೇ ಕೊರೆದು ಮಾರುವುದಂತೂ ದುರಸ್ತಿಯಲ್ಲ, ಮೋಸ.

ಬ್ರಿಟನ್ನಿನಲ್ಲಿ ಹೀಗೆ ಹೊಸ ನಳಿಕೆ ತೊಟ್ಟ ಆಯುಧವು ಮಾರಾಟಕ್ಕೆ ಹೋಗುವ ಮುನ್ನ ಲಂಡನ್ನಿನ ಪರೀಕ್ಷಾಲಯವನ್ನೋ 1813ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯವನ್ನೋ ಹಾಯ್ದು ಬರಬೇಕು. ಅಲ್ಲಿ ವಾಡಿಕೆಗಿಂತ ಹೆಚ್ಚು ಒತ್ತಡದ ತೋಟಾಗಳನ್ನು ಹಾರಿಸಿ, ನಳಿಕೆ ತಾಳಿಕೊಂಡರೆ ಮಾತ್ರ ಅದರ ಮೇಲೆ ಮುದ್ರೆಯನ್ನು ಒತ್ತುತ್ತಾರೆ.