ಗ್ರಂಥದ ಮಾತು, ಗ್ರಂಥದ ವರ್ಷ

ಗ್ರಂಥಾಲಯದಲ್ಲಿ ಆಕರಗ್ರಂಥಗಳ ಕಪಾಟು ಎಂದರೆ ನಮ್ಮ ಕಾಲದ ವಿದ್ಯಾರ್ಥಿಗಳಿಗೆ ಒಂದು ಬಗೆಯ ಭಯಭಕ್ತಿ. ದಪ್ಪ ರಟ್ಟು, ಬೆನ್ನಿನ ಮೇಲೆ ಹೊಂಬಣ್ಣದ ಅಕ್ಷರಗಳು, ಒಳಗೆ ಕೆಂಪು ಶಾಯಿಯಲ್ಲಿ ಒತ್ತಿದ 'ಮನೆಗೆ ಕೊಡತಕ್ಕದ್ದಲ್ಲ' ಎಂಬ ಮುದ್ರೆ. ಸಾಮಾನ್ಯ ಪುಸ್ತಕದಲ್ಲಿ ಇರುವುದು ಬರೆದವನ ಅಭಿಪ್ರಾಯ, ಆದರೆ ವಿಶ್ವಕೋಶದಲ್ಲಿ ಇರುವುದು ಸಿದ್ಧಾಂತವೇ ಸರಿ ಎಂದು ನಾವು ತಿಳಿದಿದ್ದೆವು. ಆ ತಿಳಿವಳಿಕೆ ಒಂದು ಮನೆಗೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ನಮ್ಮ ಕುಟುಂಬದಲ್ಲಿಯೇ ಕಂಡುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ಪಂಚಮಿ ಹಬ್ಬಕ್ಕೆ ನಮ್ಮ ಅಣ್ಣನವರ ಮಗಳು ತವರಿಗೆ ಬಂದಿದ್ದಳು. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಜೊತೆಯಲ್ಲಿ ನಾಲ್ಕು ವರ್ಷದ ಮಗ. ಓಣಿಯ ಮಕ್ಕಳೆಲ್ಲರೂ ಜೋಕಾಲಿಗೆ ಮುಗಿಬಿದ್ದಿರುವಾಗ ಈ ಕೂಸು ಜೋಕಾಲಿಯ ಮೇಲೆ ಕೂಡಲಿಲ್ಲ. ಹಗ್ಗ ಹಿಂದಕ್ಕೂ ಮುಂದಕ್ಕೂ ತೂಗುವುದನ್ನೇ ತಾಸುಗಟ್ಟಲೆ ನೋಡುತ್ತ ನಿಂತಿತು. ಕರೆದರೆ ತಿರುಗಿ ನೋಡದು. ಮಾತು ಇನ್ನೂ ಬಂದಿರಲಿಲ್ಲ. ಇದು ಆಟಿಸಂ, ಕನ್ನಡದಲ್ಲಿ ಸ್ವಲೀನತೆ ಎನ್ನುವ ಸ್ಥಿತಿ ಎಂದು ವೈದ್ಯರು ಆಗಲೇ ಹೇಳಿದ್ದರು.

ಹಬ್ಬದ ಊಟವಾದ ಮೇಲೆ ಆಕೆ ತನ್ನ ಚೀಲದಿಂದ ನಾಲ್ಕು ಮಡಿಕೆಯ ಒಂದು ಝೆರಾಕ್ಸ್ ಹಾಳೆಯನ್ನು ತೆಗೆದು ನಮ್ಮ ಮುಂದಿಟ್ಟಳು.

"ಕಾಕಾ, ಇದನ್ನ ಓದಿ ಹೇಳ್ರಿ. ಖರೇನ ಇದು?"

ಹಾಳೆ ಇಂಗ್ಲಿಷಿನದು. ಮನಶ್ಶಾಸ್ತ್ರದ ಯಾವುದೋ ಕೋಶದ ಪುಟ. ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಉಪನ್ಯಾಸ ನೀಡಿದವರೊಬ್ಬರು ಹಂಚಿದ್ದಂತೆ. ಮಗು ಹೊರಗಿನ ಜಗತ್ತಿನಿಂದ ಹಿಂದೆ ಸರಿದು ತನ್ನೊಳಗೆ ಸೇರಿಕೊಳ್ಳುವುದಕ್ಕೆ ತಾಯಿಯ ಪ್ರೀತಿಯ ಕೊರತೆ ಕಾರಣ ಎಂಬ ಅರ್ಥದ ಎರಡು ವಾಕ್ಯಗಳ ಕೆಳಗೆ ಯಾರೋ ಗೆರೆ ಎಳೆದಿದ್ದರು. ಮಗು ಆರು ತಿಂಗಳದ್ದಿರುವಾಗ ಆಕೆ ಮತ್ತೆ ಶಾಲೆಗೆ ಹೋಗತೊಡಗಿದ್ದಳು. ಮನೆಯಲ್ಲಿ ಅತ್ತೆ ಮೊದಲಿನಿಂದಲೂ ಅದನ್ನೇ ಆಡಿಕೊಳ್ಳುತ್ತಿದ್ದರು. ಈಗ ಅವರ ಮಾತಿಗೆ ಗ್ರಂಥದ ಆಧಾರವೂ ದೊರೆತಂತಾಯಿತು. ಎರಡು ವರ್ಷಗಳಿಂದ ಆಕೆ ಆ ಹಾಳೆಯನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಳು. "ನಾನು ನೌಕರಿಗೆ ಹೋಗಿದ್ದಕ್ಕ ಹಿಂಗ ಆತೇನ್ರಿ?" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಳೆಯ ನೆತ್ತಿಯಲ್ಲಿ ಗ್ರಂಥದ ಹೆಸರಿತ್ತು, ಪುಟದ ಸಂಖ್ಯೆಯಿತ್ತು. ವರ್ಷ ಮಾತ್ರ ಇರಲಿಲ್ಲ.

ಊರಿನ ವಿದ್ಯಾರ್ಥಿನಿಲಯದ ಗ್ರಂಥಾಲಯಕ್ಕೆ ನಿವೃತ್ತ ಪ್ರಾಧ್ಯಾಪಕರೊಬ್ಬರು ದಾನವಾಗಿ ಕೊಟ್ಟ ಆಕರಗ್ರಂಥಗಳ ಸಾಲೊಂದಿದೆ. ಡ್ಯೂಯಿ ವರ್ಗೀಕರಣದಂತೆ ಮನಶ್ಶಾಸ್ತ್ರಕ್ಕೆ 150, ಸಮಾಜ ವಿಜ್ಞಾನಗಳಿಗೆ 300. ಸಂಖ್ಯೆ ತಿಳಿದಿದ್ದರೆ ಹುಡುಕುವುದು ಕಷ್ಟವಲ್ಲ. ನಮ್ಮ ಅದೃಷ್ಟಕ್ಕೆ ಅದೇ ಗ್ರಂಥ, ಅದೇ ಪುಟ ಅಲ್ಲಿಯೇ ಸಿಕ್ಕಿತು. ಮುಖಪುಟದ ಹಿಂಬದಿಯಲ್ಲಿ 1986 ಎಂದಿತ್ತು. ಅಷ್ಟೇನೂ ಹಳೆಯದಲ್ಲ ಎನಿಸಿತು. ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿದಾಗ ಅದರ ಹಿಂದಿದ್ದ ಪದ ಕಂಡಿತು: ಪುನರ್ಮುದ್ರಣ. ಮೂಲ ಆವೃತ್ತಿಯ ವರ್ಷ ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನದು.

ಆವೃತ್ತಿ ಬೇರೆ, ಪುನರ್ಮುದ್ರಣ ಬೇರೆ. ಆವೃತ್ತಿ ಎಂದರೆ ಒಳಗಿನ ಬರಹವನ್ನು ಪರಿಷ್ಕರಿಸಿದ್ದು; ಪುನರ್ಮುದ್ರಣ ಎಂದರೆ ಹಳೆಯ ಬರಹವನ್ನೇ ಹೊಸ ಕಾಗದದ ಮೇಲೆ ಮತ್ತೊಮ್ಮೆ ಅಚ್ಚು ಹಾಕಿದ್ದು. ಕಾವ್ಯಕ್ಕೆ ಇದರಿಂದ ಬಾಧಕವಿಲ್ಲ. ಮನಸ್ಸಿನ ರೋಗವನ್ನು ವಿವರಿಸುವ ಗ್ರಂಥಕ್ಕೆ ಇದೇ ಮುಖ್ಯ.

ಆ ಎರಡು ವಾಕ್ಯಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳನ್ನು, 8 ಗಂಡು 3 ಹೆಣ್ಣು, ಪರೀಕ್ಷಿಸಿ ಆಟಿಸಂನ ಲಕ್ಷಣಗಳನ್ನು ಮೊಟ್ಟಮೊದಲು ವಿವರವಾಗಿ ದಾಖಲಿಸಿದರು. ಇದು ಹುಟ್ಟಿನಿಂದಲೇ ಬಂದುದೆಂಬ ಊಹೆ ಅವರ ಆ ಲೇಖನದಲ್ಲಿಯೇ ಇತ್ತು. ಆದರೆ ಈ ಮಕ್ಕಳ ತಂದೆತಾಯಿಗಳಲ್ಲಿ ಮಮತೆಯ ಬಿಸುಪು ಕಡಿಮೆ ಎಂಬ ಮಾತನ್ನೂ ಅವರು ಸೇರಿಸಿದ್ದರು. ಮುಂದಿನವರು ಮೊದಲನೆಯ ಮಾತನ್ನು ಬಿಟ್ಟು ಎರಡನೆಯದನ್ನು ಹಿಡಿದರು. 'ರೆಫ್ರಿಜರೇಟರ್ ತಾಯಿ', ಅಂದರೆ ತಂಪುಪೆಟ್ಟಿಗೆಯಂತಹ ತಾಯಿ, ಎಂಬ ಕ್ರೂರವಾದ ಹೆಸರೇ ಹುಟ್ಟಿಕೊಂಡಿತು. ಷಿಕಾಗೋದಲ್ಲಿ ಇಂತಹ ಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೊ ಬೆಟಲ್‌ಹೈಮ್ ಎಂಬುವರು 1967ರಲ್ಲಿ ಬರೆದ ಪುಸ್ತಕ ಈ ವಾದವನ್ನು ಮನೆಮನೆಗೆ ಮುಟ್ಟಿಸಿತು. ಹಿಟ್ಲರನ ಬಂದೀಖಾನೆಗಳಲ್ಲಿ ಸ್ವತಃ ನರಳಿ ಬಂದಿದ್ದವರು ಅವರು. ತಾಯಿಯ ಎದುರಿನ ಮಗುವಿನ ಸ್ಥಿತಿಯನ್ನು ಆ ಬಂದಿಗಳ ಸ್ಥಿತಿಗೆ ಹೋಲಿಸಿದರು. ನೊಂದವರಿಗೆ ಇನ್ನೊಬ್ಬರ ನೋವು ತಿಳಿಯುತ್ತದೆ ಎನ್ನುತ್ತಾರೆ. ಯಾವಾಗಲೂ ಹಾಗಾಗುವುದಿಲ್ಲವೆಂದು ತೋರುತ್ತದೆ.

ಈ ವಾದವನ್ನು ಮುರಿದವರಲ್ಲಿ ಮೊದಲಿಗರು ಒಬ್ಬ ತಂದೆ. ಬರ್ನಾರ್ಡ್ ರಿಮ್‌ಲ್ಯಾಂಡ್ ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದವರು. ಅವರ ಮಗನಿಗೂ ಇದೇ ಸ್ಥಿತಿ. ಹೆಂಡತಿಯ ಮೇಲೆ ಬಂದ ಆಪಾದನೆಯನ್ನು ಅವರಿಗೆ ಒಪ್ಪಲಾಗಲಿಲ್ಲ. ದೊರೆತ ಸಾಹಿತ್ಯವನ್ನೆಲ್ಲ ಓದಿ, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ, ತಾಯಿಯ ತಪ್ಪಲ್ಲ ಎಂದು 1964ರಲ್ಲಿ ಗ್ರಂಥವನ್ನೇ ಬರೆದರು. ಅದಕ್ಕೆ ಮುನ್ನುಡಿ ಬರೆದವರು ಅದೇ ಕ್ಯಾನರ್. ಮರುವರ್ಷ ಇಂತಹ ಮಕ್ಕಳ ತಂದೆತಾಯಿಗಳ ಸಂಘ ಕಟ್ಟುವುದರಲ್ಲಿಯೂ ರಿಮ್‌ಲ್ಯಾಂಡ್ ಮುಂದಾದರು. 1969ರಲ್ಲಿ ಆ ಸಂಘದ ಸಭೆಯಲ್ಲಿ ಕ್ಯಾನರ್ ಎದ್ದುನಿಂತು ತಂದೆತಾಯಿಗಳನ್ನು ತಾವು ದೋಷಮುಕ್ತರನ್ನಾಗಿ ಮಾಡುತ್ತಿರುವುದಾಗಿ ಬಹಿರಂಗವಾಗಿ ಸಾರಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಗಳ ಇಬ್ಬರು ಮಕ್ಕಳಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಅಲ್ಲಿಂದೀಚೆಗೆ ಗಟ್ಟಿಯಾಗುತ್ತಲೇ ಬಂದಿದೆ.

ಅಂದರೆ ಆ ಗ್ರಂಥದ 1986ರ ಪ್ರತಿ ಅಚ್ಚಾಗುವ ಹೊತ್ತಿಗೆ ಅದರ ಮಾತು ಬಿದ್ದುಹೋಗಿ ವರ್ಷಗಳೇ ಕಳೆದಿದ್ದವು. ಮುದ್ರಣಯಂತ್ರಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೆ.

ಮನೋವೈದ್ಯರು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳುವ ಆಕರಗ್ರಂಥವಾದರೂ ಹೀಗೆ ಬದಲಾಗುತ್ತದೆಯೇ ಎಂದು ವಾಚಕರು ಕೇಳಬಹುದು. ಅದೇ ಹೆಚ್ಚು ಬದಲಾಗುವುದು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಹೊರತರುವ, ಡಿ.ಎಸ್.ಎಂ. ಎಂದು ಹೆಸರಾದ ಮನೋರೋಗಗಳ ಕೈಪಿಡಿ 1952ರಲ್ಲಿ ಮೊದಲು ಬಂದಾಗ ಸುಮಾರು 130 ಪುಟಗಳ ತೆಳುವಾದ ಹೊತ್ತಗೆ. 1980ರ ಮೂರನೆಯ ಆವೃತ್ತಿ 500 ಪುಟಗಳ ಸಮೀಪಕ್ಕೆ ಬಂದಿತು. 2013ರ ಐದನೆಯದು 900 ಪುಟಗಳನ್ನು ದಾಟಿತು. 2022ರಲ್ಲಿ ಅದರ ಪರಿಷ್ಕೃತ ಪಾಠವೂ ಬಂದಿದೆ. ಆಟಿಸಂ ಇರುವ ಮಗುವನ್ನು 1968ರ ಆವೃತ್ತಿ ಬಾಲ್ಯದ ಸ್ಕಿಜೋಫ್ರೀನಿಯ ಎಂಬ ಹೆಸರಿನ ಕೆಳಗೆ ತಂದಿತು. 1980ರಲ್ಲಿ ಆಟಿಸಂಗೆ ಪ್ರತ್ಯೇಕ ಸ್ಥಾನ ದೊರೆಯಿತು. 1994ರಲ್ಲಿ ಪಕ್ಕದಲ್ಲಿ ಆಸ್ಪರ್ಗರ್ ಎಂಬ ಇನ್ನೊಂದು ಹೆಸರು ಸೇರಿತು. 2013ರಲ್ಲಿ ಅದನ್ನು ಅಳಿಸಿ ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತಂದರು. ಮಗು ಅದೇ, ಲಕ್ಷಣಗಳು ಅವೇ, ಹೆಸರು ನಾಲ್ಕು. ಸಲಿಂಗಪ್ರೇಮವನ್ನೂ ಈ ಗ್ರಂಥದ ಮೊದಲಿನ ಆವೃತ್ತಿಗಳು ರೋಗವೆಂದೇ ಎಣಿಸಿದ್ದವು; 1973ರಲ್ಲಿ ಸಂಘದ ಆಡಳಿತ ಮಂಡಳಿ ಅದನ್ನು ಪಟ್ಟಿಯಿಂದ ತೆಗೆಯಿತು, ಮರುವರ್ಷ ಸದಸ್ಯರು ಮತ ಹಾಕಿ ಆ ನಿರ್ಣಯವನ್ನು ಉಳಿಸಿಕೊಂಡರು. ಗ್ರಂಥದಲ್ಲಿರುವುದು ಕಲ್ಲಿನಲ್ಲಿ ಕೊರೆದ ಶಾಸನವೆಂದು ತಿಳಿದಿದ್ದ ನಮಗೆ ಅದರೊಳಗಿನ ಮಾತು ಮತಕ್ಕೆ ಬೀಳುತ್ತದೆ ಎಂಬುದು ಮೊದಲು ಇರಿಸುಮುರಿಸು ತಂದಿತು. ಆಮೇಲೆ ಅದೇ ಒಳ್ಳೆಯದೆನಿಸಿತು. ತಪ್ಪನ್ನು ತಿದ್ದಿಕೊಳ್ಳುವ ಬಾಗಿಲು ಅಲ್ಲಿದೆ.

ಹಾಗೆಂದು ಹಳೆಯ ಸಂಪುಟಗಳನ್ನು ರದ್ದಿಗೆ ಹಾಕಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸೆಲಿಗ್ಮನ್ ಮತ್ತು ಆಲ್ವಿನ್ ಜಾನ್ಸನ್ ಸಂಪಾದಿಸಿದ ಸಮಾಜ ವಿಜ್ಞಾನಗಳ ವಿಶ್ವಕೋಶ 1930ರಿಂದ 1935ರ ವರೆಗೆ 15 ಸಂಪುಟಗಳಲ್ಲಿ ಹೊರಬಂದಿತು. ಇದಕ್ಕೆ ಸೇರಿದ ಒಂದು ಉಪಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಲೇಖನಗಳಿಗಾಗಿ ಜಾನ್ಸನ್ನರು ಯುರೋಪಿನ ವಿದ್ವಾಂಸರೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ಮಾಡಿದ್ದರು. 1933ರಲ್ಲಿ ಹಿಟ್ಲರನ ಆಡಳಿತ ಬಂದು ಆ ವಿದ್ವಾಂಸರು ಹುದ್ದೆ ಕಳೆದುಕೊಳ್ಳತೊಡಗಿದಾಗ, ಜಾನ್ಸನ್ನರು ನ್ಯೂಯಾರ್ಕಿನ ನ್ಯೂ ಸ್ಕೂಲ್ ಎಂಬ ತಮ್ಮ ವಿದ್ಯಾಸಂಸ್ಥೆಯಲ್ಲಿ ಹಣ ಕೂಡಿಸಿ ಅವರಿಗಾಗಿಯೇ ಒಂದು ಆಶ್ರಯಪೀಠವನ್ನು ತೆರೆದರು. ಯಾರನ್ನು ಕರೆಯಬೇಕೆಂಬುದು ವಿಶ್ವಕೋಶದ ಕೆಲಸದಿಂದಲೇ ಅವರಿಗೆ ತಿಳಿದಿತ್ತು. ಇಂದು ಆ ಸಂಪುಟಗಳ ಅರ್ಥಶಾಸ್ತ್ರ ಹಳತಾಗಿರಬಹುದು; ಆ ಕಾಲದ ಪಂಡಿತರು ಹೇಗೆ ಯೋಚಿಸುತ್ತಿದ್ದರೆಂಬುದಕ್ಕೆ ಅವೇ ಸಾಕ್ಷಿ. ಅನಂತರ 1968ರಲ್ಲಿ ಡೇವಿಡ್ ಸಿಲ್ಸ್ ಅವರ ಸಂಪಾದಕತ್ವದಲ್ಲಿ 17 ಸಂಪುಟಗಳ ಇನ್ನೊಂದು ಕೋಶ ಬಂದಿತು, 2001ರಲ್ಲಿ 26 ಸಂಪುಟಗಳ ಮತ್ತೊಂದು. ಹೊಸದು ಬಂದಂತೆ ಹಳೆಯದು ಇತಿಹಾಸದ ಸಾಲಿಗೆ ಸರಿಯಬೇಕು. ಎಷ್ಟೋ ಗ್ರಂಥಾಲಯಗಳಲ್ಲಿ ಅದು ಸರಿಯುವುದಿಲ್ಲ, ಏಕೆಂದರೆ ಹೊಸದನ್ನು ಕೊಳ್ಳುವ ಹಣವಿರುವುದಿಲ್ಲ. ಹಳೆಯದೇ ಗದ್ದುಗೆಯ ಮೇಲೆ ಕುಳಿತಿರುತ್ತದೆ.

ಕನ್ನಡದಲ್ಲಿ ಏನಿದೆ ಎಂಬ ಪ್ರಶ್ನೆಯೂ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಷ್ಟು ಹಿಂದೆಯೇ ಆರಂಭವಾಗಿತ್ತು. ಅದೇ ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದು, ಒಟ್ಟು 14 ಸಂಪುಟಗಳಾಗಿ 2004ರಲ್ಲಿ ಪೂರ್ಣಗೊಂಡಿತು. ಮನೋವೈದ್ಯರೂ ಹಾಸ್ಯಸಾಹಿತಿಯೂ ಆಗಿದ್ದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ವಿಶ್ವಕೋಶವನ್ನು ನೋಡುವವರು ತಾವು ತೆರೆದ ಸಂಪುಟದ ವರ್ಷವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು. ಮೊದಲ ಸಂಪುಟಕ್ಕೂ ಕಡೆಯದಕ್ಕೂ ನಡುವೆ 35 ವರ್ಷಗಳ ಅಂತರವಿದೆ.

ಹೆಸರು ಬದಲಾದರೆ ಕಾನೂನೂ ಬದಲಾಗುತ್ತದೆ. ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಅದು ಬಂದಿತು. 2016ರ ಕಾಯಿದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಮಂದಬುದ್ಧಿ, ಹುಚ್ಚು ಎಂದು ಓಣಿಯಲ್ಲಿ ಕರೆಸಿಕೊಳ್ಳುವ ಮಗುವಿಗೆ ಪ್ರಮಾಣಪತ್ರ, ಶಾಲೆಯಲ್ಲಿ ರಿಯಾಯಿತಿ, ಸೌಲಭ್ಯ ಎಲ್ಲವೂ ಈ ಹೆಸರಿನ ಮೇಲೆಯೇ ನಿಂತಿರುವುದರಿಂದ ಇದು ಕೇವಲ ಪಂಡಿತರ ಚರ್ಚೆಯಲ್ಲ.

ಈಚೆಗೆ ಝೆರಾಕ್ಸ್ ಹಾಳೆಯ ಸ್ಥಾನವನ್ನು ಮೊಬೈಲಿನಲ್ಲಿ ತೆಗೆದ ಚಿತ್ರ ಆಕ್ರಮಿಸಿದೆ. ಒಂದು ಪುಟದ ಚಿತ್ರ ನೂರಾರು ಮನೆಗಳನ್ನು ಒಂದೇ ದಿನದಲ್ಲಿ ತಲುಪುತ್ತದೆ. ಮುಖಪುಟದ ಹಿಂಬದಿಯನ್ನು ಮಾತ್ರ ಯಾರೂ ಚಿತ್ರ ತೆಗೆಯುವುದಿಲ್ಲ. ಯಾರಾದರೂ ಇಂತಹ ಪುಟವನ್ನು ತಂದು ತೋರಿಸಿದರೆ ಯಾವ ಗ್ರಂಥ, ಎಷ್ಟನೆಯ ಆವೃತ್ತಿ, ಯಾವ ವರ್ಷ, ಲೇಖನದ ಕೊನೆಯಲ್ಲಿ ಯಾರ ಹೆಸರು ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವಾಗ ಹಾಳೆಯೊಂದನ್ನು ಎದೆಗೆ ಒತ್ತಿಕೊಂಡು ಎರಡು ವರ್ಷ ನರಳುವ ಅಗತ್ಯವೂ ಇಲ್ಲ.

ಗ್ರಂಥಾಲಯದಿಂದ ಬಂದು ಎಲ್ಲವನ್ನೂ ಹೇಳಿದಾಗ ನಮ್ಮ ಮಗಳು ಅಳಲಿಲ್ಲ. ಹಾಳೆಯನ್ನು ಹರಿಯಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, "ಇದನ್ನೆಲ್ಲಾ ಕನ್ನಡದಾಗ ಬರದು ಕೊಡ್ರಿ ಕಾಕಾ, ನಮ್ಮ ಅತ್ತೀಗೆ ಓದಿ ತೋರಸ್ತೀನಿ. ವರ್ಷಾ ಹಾಕೇ ಬರೀರಿ" ಎಂದಳು. ಅಂದು ರಾತ್ರಿ ಎರಡು ಹಾಳೆ ಬರೆದೆವು. ಈ ಲೇಖನದ ಮೂಲ ಅದೇ.

ಬೀಗಿತ್ತಿಯವರು ಅದನ್ನು ಮೊಮ್ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಎರಡು ಸಲ ಓದಿಸಿ ಕೇಳಿದರಂತೆ. ಸೊಸೆಯ ಕಡೆಗೆ ನೋಡಲಿಲ್ಲವಂತೆ, ಹಳೆಯ ಮಾತನ್ನೂ ಎತ್ತಲಿಲ್ಲವಂತೆ. ಕೇಳಿದ್ದು ಒಂದೇ ಪ್ರಶ್ನೆ: "ಗುರುವಾರ ನಿನಗ ಸಾಲಿ ಇರ್ತೈತಿ. ಮಾತು ಕಲಿಸೋ ಡಾಕ್ಟರ್ ಹತ್ರ ಕೂಸಿನ್ನ ನಾನು ಕರ್ಕೊಂಡು ಹೋಗ್ಲೇನು? ಬಸ್ ಎಷ್ಟಕ್ಕೈತಿ?"