ಭಾರವನ್ನು ಬೇಡುವ ಮೂಳೆ

ದೇಹದ ಮೂಳೆಗಳನ್ನು ಮನೆಯ ತೊಲೆಕಂಬಗಳಿಗೆ ಹೋಲಿಸುವುದು ವಾಡಿಕೆ. ಎರಡೂ ಭಾರ ಹೊರುತ್ತವೆ ಎಂಬಷ್ಟರ ಮಟ್ಟಿಗೆ ಈ ಹೋಲಿಕೆ ಸರಿಯೇ. ಆದರೆ ತೊಲೆಯು ಹೊತ್ತ ಭಾರದಿಂದ ಕಾಲಕ್ರಮದಲ್ಲಿ ಬಾಗುತ್ತದೆ. ಮೂಳೆಯಾದರೋ ಹೊರಲು ಭಾರವಿಲ್ಲದಿದ್ದರೆ ಸವೆಯುತ್ತದೆ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ತೇಲಿದ ಯಾತ್ರಿಕರ ಸೊಂಟದ ಮೂಳೆಗಳು, ತಕ್ಕ ವ್ಯಾಯಾಮವಿಲ್ಲದಾಗ, ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಖನಿಜವನ್ನು ಕಳೆದುಕೊಂಡುದು ಕಂಡುಬಂದಿದೆ. ಬಹುಕಾಲ ಹಾಸಿಗೆ ಹಿಡಿದವರ ಮೂಳೆಗಳೂ ಹೀಗೆಯೇ ಕ್ಷಯಿಸುತ್ತವೆ.

ಮೂಳೆಯು ಕಲ್ಲಿನಂತಹ ಜಡವಸ್ತುವಲ್ಲ. ಕೋಳಿಯ ಕಾಲಿನ ಮೂಳೆಯೊಂದನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಯಿಟ್ಟು ನೋಡಿ. ಅದರ ಸುಣ್ಣಾಂಶವೆಲ್ಲ ಕರಗಿ, ಉಳಿದ ಭಾಗವು ರಬ್ಬರಿನಂತೆ ಬಳುಕುತ್ತದೆ. ಅದೇ ಮೂಳೆಯನ್ನು ಚೆನ್ನಾಗಿ ಸುಟ್ಟರೆ, ಬಳುಕುವ ಭಾಗವು ಉರಿದುಹೋಗಿ ಉಳಿದ ಖನಿಜವು ಸುಲಭವಾಗಿ ಪುಡಿಯಾಗುತ್ತದೆ. ಕೊಲ್ಯಾಜೆನ್ ಎಂಬ ನಾರು ಕಬ್ಬಿಣದ ಸರಳಿನಂತೆ, ಸುಣ್ಣ ಮತ್ತು ರಂಜಕಗಳ ಲವಣವು ಸಿಮೆಂಟಿನಂತೆ! ಈ ಕಟ್ಟಡದಲ್ಲಿ ಕೆಲಸಗಾರರು ಎಂದೂ ಸುಮ್ಮನಿರುವುದಿಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಪ್ರಾಯದವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹೀಗೆ ಹೊಸತಾಗುತ್ತದೆ. ಸುಮಾರು 30ರ ವಯಸ್ಸಿನವರೆಗೆ ಕಟ್ಟುವವರದೇ ಮೇಲುಗೈ. ಆಮೇಲೆ ಮೆಲ್ಲಮೆಲ್ಲನೆ ಕೆಡಹುವವರದು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಕಡಮೆಯಾಗುವುದರಿಂದ, ಕೆಲವು ವರ್ಷಗಳ ಕಾಲ ಈ ನಷ್ಟವು ಬಹು ತೀವ್ರವಾಗಿರುತ್ತದೆ.

ಎಲ್ಲಿ ಕೆಡಹಬೇಕು, ಎಲ್ಲಿ ಕಟ್ಟಬೇಕು ಎಂಬುದನ್ನು ನಿರ್ಣಯಿಸುವವರು ಯಾರು? 1860ರ ದಶಕದಲ್ಲಿ ಜೂರಿಕ್ ನಗರದ ಅಂಗರಚನಾ ಪಂಡಿತ ಹರ್ಮನ್ ಫಾನ್ ಮೇಯರ್ ಎಂಬಾತನು ಸೀಳಿದ ತೊಡೆಮೂಳೆಯ ಒಳಗಿನ ಎಳೆಗಳನ್ನು ತೋರಿಸಿದಾಗ, ಎಂಜಿನಿಯರ್ ಕಾರ್ಲ್ ಕುಲ್ಮನ್ನನಿಗೆ ಭಾರವೆತ್ತುವ ಕ್ರೇನಿನಲ್ಲಿ ಒತ್ತಡ ಹರಿಯುವ ರೇಖೆಗಳು ನೆನಪಾದುವಂತೆ. ಒತ್ತಡ ಬೀಳುವ ದಾರಿಯಲ್ಲಿಯೇ ಮೂಳೆಯು ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬ ನಿಯಮವನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಅದರ ಒಳಗುಟ್ಟು ಈಗ ಬಹುಮಟ್ಟಿಗೆ ತಿಳಿದಿದೆ. ಮೂಳೆಯಲ್ಲಿ ಹುದುಗಿರುವ ಮೂರನೆಯ ಬಗೆಯ ಜೀವಕೋಶಗಳ ಸುತ್ತ ಕೂದಲಿಗಿಂತ ಎಷ್ಟೋ ಸೂಕ್ಷ್ಮವಾದ ಕಾಲುವೆಗಳಿವೆ. ಭಾರ ಬಿದ್ದು ಮೂಳೆಯು ಕಣ್ಣಿಗೆ ಕಾಣದಷ್ಟು ಬಾಗಿದರೂ ಅವುಗಳೊಳಗಿನ ದ್ರವವು ಚಲಿಸುತ್ತದೆ. ಆ ಚಲನೆಯೇ ಜೀವಕೋಶಗಳಿಗೆ ಸುದ್ದಿ. ಅಲುಗದೆ ಹೊತ್ತು ನಿಂತ ಭಾರವು ಏಕೆ ಅಷ್ಟು ಫಲಕಾರಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಷ್ಟು ಸಲ ಭಾರ ಹೊರಬೇಕೆಂಬುದೂ ಸ್ವಾರಸ್ಯವಾದ ಪ್ರಶ್ನೆ. ರೂಬಿನ್ ಮತ್ತು ಲಾನ್ಯನ್ ಎಂಬ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಂಜದ ರೆಕ್ಕೆಯ ಮೂಳೆಗೆ ದಿನಕ್ಕೆ 4 ಬಾರಿ ಒತ್ತಡ ಕೊಟ್ಟಾಗ ಅದರ ಸವೆತ ನಿಂತಿತು. 36 ಬಾರಿ ಕೊಟ್ಟಾಗ ಅದು ಬೆಳೆಯಿತು. 1800 ಬಾರಿ ಕೊಟ್ಟರೂ ಅದಕ್ಕಿಂತ ಹೆಚ್ಚಿನ ಲಾಭವಾಗಲಿಲ್ಲ. ಮೂಳೆಗೆ ಬೇಕಾದುದು ಬಲವಾದ ಒತ್ತಡ, ಕೆಲವೇ ಸಲ. ಈಜುಗಾರರೂ ಸೈಕಲ್ ಪಂದ್ಯಾಳುಗಳೂ ಗಂಟೆಗಟ್ಟಲೆ ಶ್ರಮಿಸಿದರೂ ಅವರ ಮೂಳೆಗಳು ಸಾಮಾನ್ಯರಿಗಿಂತ ದಟ್ಟವಾಗಿರದಿರುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬಹುದು.

ಮುದುಕರಿಗೆ ಇದು ಅನ್ವಯಿಸುವುದೇ? “ವಯಸ್ಸಾಯಿತು, ಭಾರ ಎತ್ತಬೇಡಿ” ಎಂಬುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಹೇಳುವ ಬುದ್ಧಿವಾದ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾನಿಲಯದ ಬೆಲಿಂಡಾ ಬೆಕ್ ಅವರ ತಂಡವು 2018ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇದಕ್ಕೆ ಪ್ರತಿಯಾಗಿವೆ. ಮುಟ್ಟು ನಿಂತು, ಮೂಳೆಯ ಸಾಂದ್ರತೆ ಕುಗ್ಗಿದ್ದ 101 ಮಂದಿ ಹೆಂಗಸರಲ್ಲಿ ಒಂದು ಗುಂಪಿನವರು ತರಬೇತುದಾರರ ಕಣ್ಗಾವಲಿನಲ್ಲಿ, ವಾರಕ್ಕೆ ಎರಡು ಬಾರಿ, ಅರ್ಧ ಗಂಟೆಯಂತೆ 8 ತಿಂಗಳು ಅಭ್ಯಾಸ ಮಾಡಿದರು. ನೆಲದಿಂದ ಭಾರ ಎತ್ತುವುದು, ತಲೆಯ ಮೇಲಕ್ಕೆ ಒತ್ತುವುದು, ಹೆಗಲ ಮೇಲೆ ಭಾರವಿಟ್ಟು ಬಸ್ಕಿ ಹೊಡೆಯುವುದು – ನಮ್ಮ ಗರಡಿಯ ಪೈಲ್ವಾನರಿಗೆ ಇದು ಹೊಸದೆನಿಸಲಾರದು! ಮೊದಲ ತಿಂಗಳು ಹಗುರವಾದ ಭಾರದಿಂದ ಕ್ರಮವನ್ನು ಕಲಿತು, ಆಮೇಲೆ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಶೇಕಡಾ 85ಕ್ಕೂ ಹೆಚ್ಚನ್ನು ಅವರು ಎತ್ತಿದರು. ಅವರ ಸೊಂಟದೆಡೆಯ ಬೆನ್ನುಮೂಳೆಯ ಸಾಂದ್ರತೆಯು ಸರಾಸರಿ ಶೇಕಡಾ 2.9 ಹೆಚ್ಚಿತು, ಮನೆಯಲ್ಲಿಯೇ ಹಗುರವಾದ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನವರಲ್ಲಿ ಶೇಕಡಾ 1.2 ಕುಗ್ಗಿತು.

ಅಂಕಿಗಳು ಅಲ್ಪವೆಂದು ತೋರಬಹುದು. ಕುಗ್ಗುವ ವಯಸ್ಸಿನಲ್ಲಿ ಏರಿತೆಂಬುದೇ ವಿಶೇಷ. ಅಲ್ಲದೆ, ತೊಡೆಯ ಮೂಳೆ ಮುರಿಯುವುದು ಸಾಮಾನ್ಯವಾಗಿ ಬಿದ್ದಾಗ. ಬಚ್ಚಲಿನಲ್ಲಿ ಒಮ್ಮೆ ಜಾರಿಬಿದ್ದ ಅಜ್ಜಿ ಮತ್ತೆ ಮೊದಲಿನಂತೆ ಓಡಾಡದೆ ಹೋಗುವುದು ಎಷ್ಟು ಮನೆಗಳ ಕಥೆ! ಬೀಳದಂತೆ ತಡೆಯುವುದು ಸ್ನಾಯುಗಳ ಕೆಲಸ, ಸ್ನಾಯುಗಳು ಮೂಳೆಗಿಂತ ಬೇಗ ಬಲಿಯುತ್ತವೆ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 90 ವರ್ಷದ, ವೃದ್ಧಾಶ್ರಮವಾಸಿಗಳಾದ ಕೆಲವರು 8 ವಾರಗಳಲ್ಲಿ ತಮ್ಮ ಕಾಲಿನ ಬಲವನ್ನು ಸರಾಸರಿ ಶೇಕಡಾ 174 ಹೆಚ್ಚಿಸಿಕೊಂಡರು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು.

ಹೀಗೆಂದು ನಾಳೆಯೇ ಅಕ್ಕಿ ಮೂಟೆಗೆ ಕೈಹಾಕಬಾರದು. ಬೆನ್ನುಮೂಳೆ ಈಗಾಗಲೇ ಕುಸಿದಿದ್ದವರು ಬೆನ್ನನ್ನು ಬಗ್ಗಿಸಿ ಭಾರ ಎತ್ತುವುದು ಅಪಾಯಕರ; ರಕ್ತದೊತ್ತಡ, ಹೃದ್ರೋಗಗಳಿದ್ದವರು ಮೊದಲು ವೈದ್ಯರನ್ನು ಕಾಣಬೇಕು. ಉಳಿದವರು ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಏಳುವುದರಿಂದ ತೊಡಗಬಹುದು. ಹತ್ತು ಸಲ ನಿರಾಯಾಸವಾಗಿ ಎದ್ದು ಕೂತ ಮೇಲೆ ಕೈಯಲ್ಲಿ ನೀರು ತುಂಬಿದ ಸೀಸೆಯೊಂದನ್ನು ಹಿಡಿದುಕೊಳ್ಳಬಹುದು, ಅದೂ ಸುಲಭವಾದಾಗ ಎರಡನ್ನು.