ಸ್ಟಿಕ್ಕರ್ ಹೊಸದು, ಸೆಲ್ ಎಷ್ಟು ಹಳೇದು?

ತಗಡೂರಿನಲ್ಲಿ ಗಾಡಿ ಬ್ಯಾಟರಿ ಅಂದ್ರೆ ಇವತ್ತಿಗೂ ಜನರ ಕಣ್ಣ ಮುಂದೆ ಬರೋದು ಟ್ರ್ಯಾಕ್ಟರಿನ 12 ವೋಲ್ಟ್ ಡಬ್ಬಿ. ಅದು ಸತ್ತರೆ ನಂಜನಗೂಡಿಗೋ ಮೈಸೂರಿಗೋ ಹೊತ್ತುಕೊಂಡು ಹೋಗಿ, ಹಳೇದನ್ನ ಕೊಟ್ಟು, ಮೇಲೆ ದುಡ್ಡು ಹಾಕಿ ಹೊಸದು ತರ್ತಾರೆ. ಆ ವ್ಯಾಪಾರದಲ್ಲೂ ಮೋಸ ಇದ್ದೇ ಇದೆ. ಹಳೇ ಬ್ಯಾಟರಿಯ ಆಸಿಡ್ ಬದಲಿಸಿ, ಡಬ್ಬಿ ತೊಳೆದು ಒರೆಸಿ, ಹೊಸ ಸ್ಟಿಕ್ಕರ್ ಅಂಟಿಸಿಬಿಟ್ಟರೆ ಆರು ತಿಂಗಳು ಹೇಗೋ ಓಡುತ್ತೆ. ಹೋದರೆ ನಾಲ್ಕೈದು ಸಾವಿರ ಹೋಯ್ತು ಅಂತ ಬೈದುಕೊಂಡು ಸುಮ್ಮನಾಗ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗೆ ಸುಮ್ಮನಾಗೋಕೆ ಆಗಲ್ಲ. ಕಾರಿನ ಬೆಲೆಯಲ್ಲಿ ಅತಿ ದೊಡ್ಡ ಪಾಲು ಬ್ಯಾಟರಿಯದ್ದೇ. ಲೆಕ್ಕ ಲಕ್ಷಗಳಲ್ಲಿ. ಜೊತೆಗೆ ಆ ಪ್ಯಾಕಿನ ಮೇಲೇ ಮನೆಮಂದಿಯೆಲ್ಲ ಕೂತು ಪ್ರಯಾಣ ಮಾಡ್ತಾರೆ.

ಈ ವಿಷಯ ಈಗ ಯಾಕೆ ಅಂದ್ರೆ, 2020ರಿಂದ ಈಚೆಗೆ ರಸ್ತೆಗಿಳಿದ ಮೊದಲ ತಂಡದ ಎಲೆಕ್ಟ್ರಿಕ್ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರ್ತಾ ಇವೆ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಗೆ ಕಂಪನಿ ಕೊಟ್ಟ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಮನೆ ಕಾರಿಗೆ ಇದು ಧಾರಾಳ. ಆದರೆ ಟ್ಯಾಕ್ಸಿಯಾಗಿ ದಿನಕ್ಕೆ 150 ಕಿ.ಮೀ. ಓಡಿದ ಕಾರು ಮೂರು ವರ್ಷಕ್ಕೇ ಆ ಗಡಿ ದಾಟುತ್ತೆ. ಯಾವ ಕಂಪನಿಯ ಕಾರೇ ಆಗಲಿ, ಹಾಗೆ ವಾರಂಟಿ ತೀರಿದ ಮೇಲೆ ಪ್ಯಾಕ್ ಬಲ ಕಳೆದುಕೊಂಡರೆ ಮಾಲೀಕನಿಗೆ ಎರಡೇ ದಾರಿ: ಕಂಪನಿಗೆ ಪೂರ್ತಿ ಬೆಲೆ ಕೊಟ್ಟು ಹೊಸ ಪ್ಯಾಕ್ ಹಾಕಿಸೋದು, ಇಲ್ಲವೇ ಹೊರಗೆ ಕಡಿಮೆಗೆ ಹಾಕಿಸಿ ಕಾರನ್ನೇ ಮಾರೋದು. ಎರಡನೇ ದಾರಿ ಹಿಡಿದ ಕಾರುಗಳು ನಮ್ಮ ಊರುಗಳ ಕಡೆಗೆ ಬರ್ತವೆ, ಯಾಕಂದ್ರೆ ಕಡಿಮೆ ಬೆಲೆಗೆ ಕಾರು ಹುಡುಕೋ ಜನ ಇರೋದು ಇಲ್ಲೇ.

ತಗಡೂರಿನಲ್ಲಿರೋ ನಮ್ಮ ಚಿಕ್ಕಪ್ಪನಿಗೆ ಬಂದಿದ್ದು ಅಂಥದ್ದೇ ಒಂದು ಗಾಡಿ. ಮಾರುವವನು "ಹೋದ ವರ್ಷ ತಾನೇ ಬ್ಯಾಟರಿ ಹೊಸದು ಹಾಕ್ಸಿದೀವಿ ಸಾರ್, ಹೆಲ್ತ್ ನೂರಕ್ಕೆ ನೂರು" ಅಂದಿದ್ದ. ಚಿಕ್ಕಪ್ಪ ಪ್ಯಾಕ್ ಮೇಲಿನ ಸ್ಟಿಕ್ಕರಿನ ಫೋಟೋ ಕಳಿಸಿ, "ಮಗ, ನೀನು ಇದನ್ನೇ ಓದ್ತಾ ಇದೀಯಲ್ಲ, ಇದು ಹೊಸದೇನಪ್ಪ ನೋಡಿ ಹೇಳು" ಅಂದ್ರು. ಫೋಟೋದಲ್ಲಿ ತಾರೀಖಿತ್ತು, ಸೀರಿಯಲ್ ನಂಬರ್ ಇತ್ತು, ಬಿಐಎಸ್ ಗುರುತೂ ಇತ್ತು. ಇವುಗಳಿಂದ ಗೊತ್ತಾಗೋದು ಆ ಸ್ಟಿಕ್ಕರ್ ಯಾವಾಗ ಪ್ರಿಂಟ್ ಆಯ್ತು ಅನ್ನೋದು ಮಾತ್ರ.

(ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ತಗಡೂರು ಖಾದಿಗೆ ಹೆಸರಾದ ಊರು, ತಗಡೂರು ರಾಮಚಂದ್ರರಾಯರ ಊರು. ಗಿರಣಿ ಬಟ್ಟೆಯನ್ನು ಖಾದಿ ಅಂತ ಮಾರೋದು ಮಿತಿಮೀರಿ 2013ರಲ್ಲಿ ಖಾದಿ ಮಾರ್ಕ್ ನಿಯಮವನ್ನೇ ತರಬೇಕಾಯ್ತು. ಆದರೂ ನೂತವರು ಮಾರ್ಕ್ ನೋಡೋದಕ್ಕಿಂತ ಮೊದಲು ನೂಲು ಮುಟ್ಟಿ ನೋಡ್ತಾರೆ. ಬ್ಯಾಟರಿಯಲ್ಲೂ ನಾವು ಮುಟ್ಟಿ ನೋಡಬೇಕಾದ್ದು ನೂಲನ್ನೇ.)

ಬ್ಯಾಟರಿ ಬದಲಿಸೋ ತಲೆನೋವು ಕರ್ನಾಟಕಕ್ಕೆ ಹೊಸದಲ್ಲ. ದೇಶದ ಮೊದಲ ಜನಪ್ರಿಯ ಎಲೆಕ್ಟ್ರಿಕ್ ಕಾರು ರೇವಾ 2001ರಲ್ಲಿ ಬೆಂಗಳೂರಿನಿಂದಲೇ ಬಂತು. ಅದರೊಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಕೆಲವು ವರ್ಷಕ್ಕೊಮ್ಮೆ ಸೆಟ್ಟನ್ನೇ ಬದಲಿಸಬೇಕಿತ್ತು. ಆದರೆ ಎಂಟೂ ಬ್ಯಾಟರಿ ಕಣ್ಣಿಗೆ ಕಾಣ್ತಿದ್ದವು, ಒಂದೊಂದಕ್ಕೂ ಮಲ್ಟಿಮೀಟರ್ ಇಟ್ಟು ನೋಡಬಹುದಿತ್ತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಗಿ, 2013ರಲ್ಲಿ ಲಿಥಿಯಂ ಪ್ಯಾಕಿನ ಇ2ಓ ಬಂತು. ಅಲ್ಲಿಂದ ಬ್ಯಾಟರಿ ಮುಚ್ಚಿದ ಪೆಟ್ಟಿಗೆ ಆಯ್ತು. ಆ ಸಾಲಿನ ಕಾರುಗಳ ತಯಾರಿಕೆ ಈಗ ನಿಂತುಹೋಗಿದೆ. ತಯಾರಿಕೆ ನಿಂತ ಮಾಡೆಲ್‌ಗೆ ಯಾರಾದ್ರೂ "ಕಂಪನಿಯ ಒರಿಜಿನಲ್ ಪ್ಯಾಕ್, ಹೊಸದು" ಅಂದರೆ ಅಲ್ಲೇ ಕಿವಿ ನಿಮಿರಬೇಕು. ಹೊಸದು ಎಲ್ಲಿಂದ ಬಂತು?

ಒಂದು ಮಾತು ಸ್ಪಷ್ಟ ಆಗಬೇಕು. ರೀಫರ್ಬಿಷ್ ಮಾಡಿದ್ದೆಲ್ಲ ಮೋಸ ಅಲ್ಲ. ಒಂದು ಮಾಡ್ಯೂಲ್ ಕೆಟ್ಟಿದ್ರೆ ಅದನ್ನಷ್ಟೇ ಬದಲಿಸಿ, ಉಳಿದದ್ದನ್ನು ಅಳೆದು ಹೊಂದಿಸಿ, "ಇದು ರೀಫರ್ಬಿಷ್ಡ್, ಇಷ್ಟು ಸಾಮರ್ಥ್ಯ ಉಳಿದಿದೆ" ಅಂತ ಬರೆದುಕೊಟ್ಟು ಕಡಿಮೆ ಬೆಲೆಗೆ ಮಾರಿದರೆ ಅದು ಒಳ್ಳೆ ಕೆಲಸವೇ. ಮೋಸ ಶುರುವಾಗೋದು ಎರಡು ಕಡೆ: ಅಪಘಾತವಾದ ಕಾರುಗಳಿಂದಲೋ ಗುಜರಿಯಿಂದಲೋ ಬಂದ ಸೆಲ್‌ಗಳಿಗೆ ಹೊಸ ನೀಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ ಹೊಸದು ಅನ್ನೋದು, ಅಥವಾ ಕಾರ್ಖಾನೆ ಪರೀಕ್ಷೆಯಲ್ಲಿ ಫೇಲಾಗಿ ಬಿ ಗ್ರೇಡ್ ಆದ ಸೆಲ್ಲನ್ನು ಎ ಗ್ರೇಡ್ ಅಂತ ಮಾರೋದು.

ಇದು ಸುಲಭಕ್ಕೆ ಸಿಕ್ಕಿಬೀಳದೇ ಇರೋದಕ್ಕೆ ಕಾರಣ ಕೆಮಿಸ್ಟ್ರಿಯಲ್ಲೇ ಇದೆ. ನಮ್ಮಲ್ಲಿ ಹೆಚ್ಚಾಗಿ ಬಳಸೋ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನ ವೋಲ್ಟೇಜ್ ಗ್ರಾಫ್ ನೋಡಿದ್ದೀರಲ್ಲ? ಸುಮಾರು 20ರಿಂದ 80 ಪರ್ಸೆಂಟ್‌ವರೆಗೆ 3.2-3.3 ವೋಲ್ಟಿನಲ್ಲಿ ಚಪ್ಪಟೆಯಾಗಿ ಮಲಗಿರುತ್ತೆ. ಹೊಸ ಸೆಲ್ಲೂ ಅಷ್ಟೇ, ಮೂವತ್ತು ಪರ್ಸೆಂಟ್ ಶಕ್ತಿ ಕಳೆದುಕೊಂಡ ಸೆಲ್ಲೂ ಅಷ್ಟೇ. ಆದ್ದರಿಂದ ಮಾರುವವನು ಮಲ್ಟಿಮೀಟರ್ ಇಟ್ಟು "ನೋಡಿ, 320 ವೋಲ್ಟ್ ಪರ್ಫೆಕ್ಟ್" ಅಂದರೆ ಅದು ಏನನ್ನೂ ಸಾಬೀತು ಮಾಡಲ್ಲ. ಡ್ಯಾಶ್‌ಬೋರ್ಡಿನ ಪರ್ಸೆಂಟೂ ಅಷ್ಟೇ. ಅದನ್ನು ಬಿಎಂಎಸ್ ಮುಖ್ಯವಾಗಿ ಒಳಗೆ ಹೋದ, ಹೊರಗೆ ಬಂದ ಆಂಪಿಯರ್-ಅವರ್ ಎಣಿಸಿ ಹೇಳುತ್ತೆ. ಒಟ್ಟು ಸಾಮರ್ಥ್ಯ ಎಷ್ಟು ಅಂತ ಅದಕ್ಕೆ ಹೇಳಿಕೊಟ್ಟವರು ಯಾರು? ಸಾಫ್ಟ್‌ವೇರ್ ಕೈಯಲ್ಲಿದ್ದರೆ ಹಳೇ ಪ್ಯಾಕಿಗೆ "ನೀನು ಹೊಸದು" ಅಂತ ನಂಬಿಸೋದು ಕಷ್ಟ ಅಲ್ಲ. ಚಿಕ್ಕಪ್ಪನಿಗೆ ತೋರಿಸಿದ ನೂರಕ್ಕೆ ನೂರು ಹೆಲ್ತ್ ಆ ಥರದ್ದೂ ಆಗಿರಬಹುದಿತ್ತು.

ಇನ್ನು ಸೀರೀಸ್ ಜೋಡಣೆ. 3.2 ವೋಲ್ಟಿನ ನೂರು ಸೆಲ್ ಸಾಲಾಗಿ ಜೋಡಿಸಿದರೆ 320 ವೋಲ್ಟ್. ಎಲ್ಲದರಲ್ಲೂ ಹರಿಯೋ ಕರೆಂಟ್ ಒಂದೇ. 99 ಸೆಲ್ 100 ಆಂಪಿಯರ್-ಅವರ್‌ನವು, ಒಂದು ಮಾತ್ರ 70ರದ್ದು ಅಂತ ಇಟ್ಕೊಳ್ಳಿ. ಆ ಒಂದು ಖಾಲಿಯಾದ ಕೂಡಲೇ ಬಿಎಂಎಸ್ ಇಡೀ ಪ್ಯಾಕನ್ನು ನಿಲ್ಲಿಸುತ್ತೆ. ಚಾರ್ಜ್ ಮಾಡುವಾಗಲೂ ಮೊದಲು ತುಂಬೋದು ಅದೇ. ಬ್ಯಾಲೆನ್ಸಿಂಗ್ ಸರಿಮಾಡುತ್ತೆ ಅಂತ ಮಾರುವವರು ಹೇಳ್ತಾರೆ. ಬ್ಯಾಲೆನ್ಸಿಂಗ್ ಸರಿಮಾಡೋದು ಚಾರ್ಜಿನ ವ್ಯತ್ಯಾಸವನ್ನ. ಸೆಲ್ಲಿಗೆ ಸಾಮರ್ಥ್ಯವೇ ಇಲ್ಲದಿದ್ದರೆ ಅದನ್ನು ಎಲ್ಲಿಂದ ತರೋದು?

ಶಾಖದ ಲೆಕ್ಕ ಇನ್ನೂ ಗಂಭೀರ. ಇಂಟರ್ನಲ್ ರೆಸಿಸ್ಟೆನ್ಸ್ ಅರ್ಧ ಮಿಲಿಓಮ್ ಇರೋ ಸೆಲ್ಲಿನಲ್ಲಿ 100 ಆಂಪಿಯರ್ ಹರಿದಾಗ ಐ ಸ್ಕ್ವೇರ್ ಆರ್ ಪ್ರಕಾರ 5 ವ್ಯಾಟ್ ಬಿಸಿ. ಹಳೇದಾಗಿ 2 ಮಿಲಿಓಮ್ ಆದ ಸೆಲ್ಲಿನಲ್ಲಿ 20 ವ್ಯಾಟ್. ಪಕ್ಕದವರು ತಣ್ಣಗಿರುವಾಗ ಇದೊಂದು ಬೇಯ್ತಾ ಇರುತ್ತೆ, ಬೆಂದಷ್ಟೂ ಬೇಗ ಹಳೇದಾಗುತ್ತೆ. "ಪದೇ ಪದೇ ಕಟ್ ಆಗುತ್ತೆ" ಅಂತ ಗಿರಾಕಿ ದೂರು ಕೊಟ್ಟಾಗ, ಶೆಡ್ಡಿನಲ್ಲಿ ಕೂತವನು ಬಿಎಂಎಸ್‌ನ ಕಟ್-ಆಫ್ ಮಿತಿಯನ್ನೇ ಸಡಿಲಿಸಿದ ಅಂದ್ಕೊಳ್ಳಿ. ಬೆಂಕಿಗೂ ನಮಗೂ ನಡುವೆ ಇದ್ದ ಕಾವಲುಗಾರನನ್ನೇ ಮಲಗಿಸಿದ ಹಾಗೆ.

ಹಾಗಾದ್ರೆ ನೂಲು ಮುಟ್ಟಿ ನೋಡೋದು ಹೇಗೆ? ಪ್ಯಾಕ್ ಬಿಚ್ಚಬೇಡಿ. ಲ್ಯಾಬಿನಲ್ಲಿ 12 ವೋಲ್ಟ್ ಮುಟ್ಟಿದ ಧೈರ್ಯ ಇಲ್ಲಿ ತೋರಿಸಬಾರದು. 300 ವೋಲ್ಟ್ ಮೇಲಿನ ಡಿಸಿ ಪ್ರಾಣ ತೆಗೆಯುತ್ತೆ, ಕಾರು ಆಫ್ ಆಗಿದ್ದರೂ ಸೆಲ್‌ಗಳು ಆಫ್ ಆಗಿರಲ್ಲ. ಹೊರಗಿಂದಲೇ ಮಾಡಬಹುದಾದ ಅತ್ಯಂತ ನಂಬಿಕಸ್ಥ ಪರೀಕ್ಷೆ ಕರೆಂಟ್ ಮೀಟರ್. ಒಂದು ಕಿಲೋವ್ಯಾಟ್-ಅವರ್ ಅಂದ್ರೆ ಒಂದು ಯೂನಿಟ್ ತಾನೇ? ಕಾರನ್ನು 10 ಪರ್ಸೆಂಟಿಗೆ ಇಳಿಸಿ, ಚಾರ್ಜರ್ ತಾನೇ ನಿಲ್ಲೋವರೆಗೆ ತುಂಬಿಸಿ. 30 ಯೂನಿಟ್ ಪ್ಯಾಕ್ ಆದರೆ ಒಳಗೆ 27 ಯೂನಿಟ್ ಹೋಗಬೇಕು. ಚಾರ್ಜಿಂಗ್‌ನಲ್ಲಿ ಸುಮಾರು 12 ಪರ್ಸೆಂಟ್ ನಷ್ಟ ಅಂತ ಹಿಡಿದರೆ ಮೀಟರಿನಲ್ಲಿ 30-31 ಯೂನಿಟ್ ಓಡಬೇಕು. ಪ್ಲಗ್ಗಿಗೆ ಸಿಕ್ಕಿಸೋ ಎನರ್ಜಿ ಮೀಟರ್ ಇದ್ದರೆ ಸರಿ, ಅದು 15 ಆಂಪಿಯರ್ ತಡೆಯುವಂಥದ್ದಾಗಿರಲಿ. ಇಲ್ಲದಿದ್ದರೆ ಸೆಸ್ಕ್ ಮೀಟರಿನ ರೀಡಿಂಗನ್ನೇ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಬರ್ಕೊಳ್ಳಿ, ಫ್ರಿಜ್ಜು ಫ್ಯಾನು ಆಫ್ ಮಾಡಿ. (ಸೆಖೆಗಾಲದಲ್ಲಿ ಮನೆಯವರು ಇದಕ್ಕೆ ಒಪ್ಪಲ್ಲ, ಅದು ಬೇರೆ ವಿಷಯ.) ನಡುವೆ ಕರೆಂಟ್ ಹೋದರೂ ಚಿಂತೆ ಇಲ್ಲ, ನಮಗೆ ಬೇಕಾದ್ದು ಗಂಟೆ ಅಲ್ಲ, ಯೂನಿಟ್.

ಚಿಕ್ಕಪ್ಪ ನೋಡೋಕೆ ಹೋದ ಗಾಡಿಗೆ ಹೀಗೇ ಮಾಡಿಸಿದೆವು. ಮಾರುವವನು ಮೊದಲು ಒಪ್ಪಲಿಲ್ಲ, "ಅಡ್ವಾನ್ಸ್ ಕೊಟ್ಟು ತಗೊಂಡೋಗಿ ಚೆಕ್ ಮಾಡ್ಕೊಳ್ಳಿ" ಅಂದ. ಆಮೇಲೆ ಅವನ ಮನೆಯಲ್ಲೇ ಚಾರ್ಜಿಗೆ ಹಾಕಿದ. ಮೀಟರ್ ಓಡಿದ್ದು 21 ಯೂನಿಟ್. ನಷ್ಟ ಕಳೆದರೆ ಒಳಗೆ ಹೋದದ್ದು ಹದಿನೆಂಟೂವರೆ, ಅದನ್ನು 0.9ರಿಂದ ಭಾಗಿಸಿದರೆ ಇಪ್ಪತ್ತೂವರೆ. ಅಂದರೆ 30ರ ಪ್ಯಾಕಿನಲ್ಲಿ ಉಳಿದಿರೋದು ಸುಮಾರು 68 ಪರ್ಸೆಂಟ್. ಪರದೆ ಮೇಲೆ ಮಾತ್ರ ಆಗಲೂ ನೂರಕ್ಕೆ ನೂರು ಹೆಲ್ತ್! ಕಾರು ತಗೊಳ್ಳಲಿಲ್ಲ.

ಎರಡನೇ ಪರೀಕ್ಷೆ ಏರು. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇರೋದೇ ಇದಕ್ಕೆ ಅಂದ್ಕೊಳ್ಳಿ. ಸುಮಾರು 30 ಪರ್ಸೆಂಟ್ ಚಾರ್ಜಿನಲ್ಲಿ ಹತ್ತಿಸಿ. ಆರೋಗ್ಯವಾಗಿರೋ ಪ್ಯಾಕಿನಲ್ಲಿ ಪರ್ಸೆಂಟ್ ಒಂದೊಂದೇ ಇಳಿಯುತ್ತೆ. ಬಲ ಇಲ್ಲದ ಸೆಲ್ ಇದ್ದರೆ ಪವರ್ ಇದ್ದಕ್ಕಿದ್ದ ಹಾಗೆ ಕಡಿಮೆಯಾಗುತ್ತೆ, ಅಥವಾ 24 ಇದ್ದದ್ದು ಒಮ್ಮೆಗೇ 9ಕ್ಕೆ ಬೀಳುತ್ತೆ. ಆ ಕಾರಿಗೆ ಹೊಂದೋ ಆ್ಯಪ್, ಒಬಿಡಿ ಅಡಾಪ್ಟರ್ ಇದ್ದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ ವೋಲ್ಟೇಜಿನ ಅಂತರ ನೋಡಿ. ನಡುವಿನಲ್ಲಿ ನೋಡಿ ಪ್ರಯೋಜನ ಇಲ್ಲ, ಅಲ್ಲಿ ಎಲ್ಲರೂ ಒಳ್ಳೆಯವರೇ. 15 ಪರ್ಸೆಂಟಿಗಿಂತ ಕೆಳಗೆ ಮತ್ತು ಪೂರ್ತಿ ತುಂಬೋ ಹೊತ್ತಿನಲ್ಲಿ ನೋಡಬೇಕು. ಒಂದೇ ಸೆಲ್ ಪ್ರತಿ ಸಲ ಎರಡು ತುದಿಯಲ್ಲೂ ಹಿಂಡಿನಿಂದ ಆಚೆ ನಿಲ್ಲುತ್ತಿದ್ದರೆ ಸಾಮರ್ಥ್ಯ ಕಳೆದುಕೊಂಡಿರೋದು ಅದೇ.

ಯಾರಾದರೂ ನಿಮ್ಮ ಕಾರಿಗೇ ಪ್ಯಾಕ್ ಕಟ್ಟಿಕೊಡ್ತೀನಿ ಅಂದರೆ ಮುಚ್ಚಳ ಹಾಕೋ ಮೊದಲು ಸೆಲ್‌ಗಳ ಕ್ಯೂಆರ್ ಕೋಡಿನ ಫೋಟೋ ಕೇಳಿ. ಚೀನಾದ ಪ್ರಿಸ್ಮ್ಯಾಟಿಕ್ ಸೆಲ್‌ಗಳ ಮೇಲೆ ಅಲ್ಲಿನ 2017ರ ಮಾನದಂಡದ ಪ್ರಕಾರ 24 ಅಕ್ಷರದ ಕೋಡ್ ಇರುತ್ತೆ. ಮೊದಲ ಮೂರು ತಯಾರಕರದ್ದು: ಸೊನ್ನೆ-ನಾಲ್ಕು-ಕ್ಯೂ ಅಂದ್ರೆ ಈವ್ ಕಂಪನಿ. ಐದನೇ ಅಕ್ಷರ ಬಿ ಆದರೆ ಐರನ್ ಫಾಸ್ಫೇಟ್. 15, 16, 17ನೇ ಅಕ್ಷರಗಳು ಹುಟ್ಟಿದ ವರ್ಷ, ತಿಂಗಳು, ದಿನ. 2020ಕ್ಕೆ ಎ, 2021ಕ್ಕೆ ಬಿ, 2022ಕ್ಕೆ ಸಿ, ಹೀಗೆ. ದಿನದಲ್ಲಿ ಒಂಬತ್ತರ ನಂತರ 10ಕ್ಕೆ ಎ. ಅಲ್ಲಿ "ಸಿ6ಎಫ್" ಅಂತಿದ್ದರೆ ಅದು 2022ರ ಜೂನ್ 15ರ ಸೆಲ್. ಒಂದೇ ಪ್ಯಾಕಿನಲ್ಲಿ ಬೇರೆ ಬೇರೆ ವರ್ಷದ ಕೋಡ್ ಇದ್ದರೆ, ಕೋಡ್ ಕೆರೆದು ಹಾಕಿದ್ದರೆ, ಟರ್ಮಿನಲ್ ಮೇಲೆ ಹಳೇ ವೆಲ್ಡ್ ಕಿತ್ತ ಕಲೆ ಇದ್ದರೆ, ಹೊದಿಕೆ ಎಷ್ಟೇ ಹೊಳೆದರೂ ಅದು ಗುಜರಿ ಮಾಲು.

ಕಾಗದದ ವಿಷಯ ಬೇಗ ಮುಗಿಸ್ತೀನಿ. ಬಿಐಎಸ್‌ನ ಆರ್ ನಂಬರ್ ತೋರಿಸಿದರೆ ಮರುಳಾಗಬೇಡಿ. ಐಎಸ್ 16046 ಅಡಿಯ ಆ ನೋಂದಣಿ ಮೊಬೈಲ್, ಪವರ್ ಬ್ಯಾಂಕಿನಂಥ ಸಣ್ಣ ಬ್ಯಾಟರಿಗಳಿಗೆ. ಕಾರಿನ ಪ್ಯಾಕಿಗೆ ಅನ್ವಯಿಸೋದು ಎಐಎಸ್-038. 2022ರ ಸ್ಕೂಟರ್ ಬೆಂಕಿಗಳ ನಂತರ ಇದನ್ನೂ ಬಿಗಿ ಮಾಡಿದ್ರು. ಟೆಸ್ಟ್ ರಿಪೋರ್ಟ್ ತೋರಿಸಿದರೆ ಅದರಲ್ಲಿರೋ ಮಾಡೆಲ್, ವೋಲ್ಟೇಜ್, ಸಾಮರ್ಥ್ಯ ನಿಮ್ಮ ಮುಂದಿರೋ ಪ್ಯಾಕಿಗೆ ತಾಳೆ ಆಗುತ್ತಾ ನೋಡಿ. ಬೇರೆಯವರ ರಿಪೋರ್ಟಿನ ಜೆರಾಕ್ಸ್ ಯಾರ ಬಳಿಯಾದರೂ ಇರಬಹುದು. ಮೂಲ ವಿವರಕ್ಕೆ ಹೊಂದದ ಪ್ಯಾಕ್ ಹಾಕಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಶ್ನೆ ಬರುತ್ತೆ, ನಾಳೆ ಕ್ಲೇಮ್ ಮಾಡುವಾಗ ಇನ್ಶೂರೆನ್ಸ್‌ನವರೂ ಅದನ್ನೇ ಹಿಡಿಯಬಹುದು.

ಹಳೇ ಪ್ಯಾಕಿಗೆ ಮರ್ಯಾದೆಯ ಕೆಲಸಗಳೂ ಇವೆ. ಬೆಂಗಳೂರಿನಲ್ಲೂ ಬರ್ಲಿನ್ನಿನಲ್ಲೂ ನೆಲೆ ಇರೋ ನುನಮ್ ಅನ್ನೋ ಸ್ಟಾರ್ಟಪ್ 2022ರಲ್ಲಿ ಆಡಿ ಇ-ಟ್ರಾನ್ ಪರೀಕ್ಷಾ ಕಾರುಗಳ ಬಳಸಿದ ಬ್ಯಾಟರಿಯಿಂದ ಇ-ರಿಕ್ಷಾ ಓಡಿಸಿ ತೋರಿಸಿತು. ಕಾರಿಗೆ ಸಾಲದ 68 ಪರ್ಸೆಂಟಿನ ಪ್ಯಾಕು ಸೋಲಾರ್ ಜೊತೆ ಮನೆ ಯುಪಿಎಸ್‌ಗೆ ವರ್ಷಗಟ್ಟಲೆ ಸಾಕು, ಅಲ್ಲಿ 100 ಆಂಪಿಯರ್ ಎಳೆಯೋರು ಯಾರೂ ಇಲ್ಲ. ಹಳೇದನ್ನು ಹಳೇದರ ಬೆಲೆಗೆ ಕೊಟ್ಟರೆ ಕೊಳ್ಳೋರೂ ಇದ್ದಾರೆ.

ಕಾರಿಗೇ ರೀಫರ್ಬಿಷ್ಡ್ ಪ್ಯಾಕ್ ಹಾಕಿಸೋದು ಅಂತ ತೀರ್ಮಾನ ಆಗಿದ್ದರೆ ಬಿಲ್ಲಿನಲ್ಲಿ ಇಷ್ಟನ್ನು ಬರೆಸಿ: ಪ್ಯಾಕ್ ಸೀರಿಯಲ್ ನಂಬರ್, "ಹೊಸದು" ಅಥವಾ "ರೀಫರ್ಬಿಷ್ಡ್" ಅನ್ನೋ ಪದ, ಅಳೆದ ಸಾಮರ್ಥ್ಯ ಎಷ್ಟು ಯೂನಿಟ್, ಎಷ್ಟು ಯೂನಿಟ್‌ಗಿಂತ ಕೆಳಗಿಳಿದರೆ ವಾರಂಟಿ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್ಲಿನಲ್ಲೇ ಹಾಕಿ ನೋಡಬಹುದು, ಎರಡು ನಿಮಿಷದ ಕೆಲಸ. ಹೀಗೆ ಬರೆದ ಬಿಲ್ ಕೈಯಲ್ಲಿದ್ದರೆ 1915ಕ್ಕೆ ಫೋನ್ ಮಾಡಿದಾಗಲೂ, ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದಾಗಲೂ ಹೇಳೋಕೆ ಒಂದು ಅಂಕಿ ಇರುತ್ತೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ.